ಕ್ಲಬ್ ಕುಡುಗೋಲಾದದ್ದು ಹೇಗೆ? – ಫೋಟೊ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಗಾಲ್ಫ್ ಕಲಿಯುತ್ತಿರುವ ಮಕ್ಕಳ ತಂದೆ–ತಾಯಿಯರವು. ಹದಿಮೂರರಿಂದ ಹದಿನೇಳರ ಮಕ್ಕಳು, ಬಯಲಲ್ಲಿ, ಬಿಸಿಲಲ್ಲಿ, ಒಂದೂಕಾಲು ಸೆಕೆಂಡಿನಲ್ಲಿ ಮುಗಿದುಹೋಗುವ ಒಂದು ಬೀಸು (ಸ್ವಿಂಗ್). ಉತ್ತರಕ್ಕೆ ಮುಂಚೆ ನೀವೇ ಒಂದು ಮಾತು ತೀರ್ಮಾನಿಸಿಕೊಳ್ಳಿ: ಚಿತ್ರ ಮನೆಯ ಗೋಡೆಗೋ, ಕೋಚ್‌ಗೋ? ಎರಡಕ್ಕೂ ಆಗುವ ಚಿತ್ರ ತೆಗೆಯಲು ಹೋದವರಿಗೆ ಸಾಮಾನ್ಯವಾಗಿ ಎರಡೂ ದಕ್ಕುವುದಿಲ್ಲ.

ಪ್ರಶ್ನೆ: ಮಗಳಿಗೆ 14 ವರ್ಷ. ಅವಳು ಚೆಂಡು ಹೊಡೆಯುವಾಗ ಫೋನಿನಲ್ಲಿ ತೆಗೆದ ಚಿತ್ರಗಳಲ್ಲೆಲ್ಲ ಕ್ಲಬ್ (ಗಾಲ್ಫ್ ಕೋಲು) ಕುಡುಗೋಲಿನ ಹಾಗೆ ಬಾಗಿರುತ್ತದೆ. ಪ್ರೊ ಮೋಡ್‌ನಲ್ಲಿ ಶಟರ್ ವೇಗ 1/8000 ಸೆಕೆಂಡಿಗೆ ಏರಿಸಿದರೂ ಅಷ್ಟೇ. ಫೋನ್ ಕೆಟ್ಟಿದೆಯೇ? – ಓದುಗರು, ಮೈಸೂರು

ಫೋನ್ ಕೆಟ್ಟಿಲ್ಲ, ಕ್ಲಬ್ಬೂ ಬಾಗಿಲ್ಲ. ಫೋನಿನ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಏಟಿಗೆ ಓದುವುದಿಲ್ಲ. ನಾವು ಪುಟ ಓದುವ ಹಾಗೆ ಮೇಲಿನ ಸಾಲಿನಿಂದ ಶುರುಮಾಡಿ ಒಂದೊಂದೇ ಸಾಲು ಇಳಿಯುತ್ತದೆ. ಮೇಲಿಂದ ಕೆಳಗೆ ಮುಟ್ಟಲು ಸಾಮಾನ್ಯ ಫೋನಿಗೆ ಅಂದಾಜು 10ರಿಂದ 30 ಮಿಲಿಸೆಕೆಂಡ್ ಬೇಕು. ಚೆನ್ನಾಗಿ ಕಲಿತ ಹದಿಹರೆಯದವರ, ದೂರ ಹೊಡೆಯುವ ಉದ್ದನೆಯ ಕ್ಲಬ್ ಆದ ಡ್ರೈವರ್‌ನ ತುದಿ ಗಂಟೆಗೆ 130ರಿಂದ 160 ಕಿ.ಮೀ. ವೇಗದಲ್ಲಿ ಬರುತ್ತದೆ, ಅಂದರೆ ವೇಗದ ಬೌಲರ್ ಎಸೆದ ಚೆಂಡಿನಷ್ಟು. ಲೆಕ್ಕಕ್ಕೆ ಸುಲಭವಾಗಲಿ ಎಂದು 144 ಎಂದಿಟ್ಟುಕೊಳ್ಳೋಣ. ಸೆಕೆಂಡಿಗೆ 40 ಮೀಟರ್ ಆಯಿತು. ಸೆನ್ಸರ್ ಓದಿ ಮುಗಿಸುವ 20 ಮಿಲಿಸೆಕೆಂಡ್‌ನಲ್ಲಿ ಕ್ಲಬ್ಬಿನ ತುದಿ 80 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಮೊದಲು ಓದಿದ್ದು ಮೇಲಿರುವ ಕೈಗಳನ್ನು, ಕೊನೆಗೆ ಓದಿದ್ದು ಕೆಳಗಿರುವ ತುದಿಯನ್ನು. ನಡುವಿನ ಶಾಫ್ಟ್, ಅಂದರೆ ಕ್ಲಬ್ಬಿನ ಉದ್ದನೆಯ ಕೋಲು, ಒಂದೊಂದು ಸಾಲಿನಲ್ಲಿ ಒಂದೊಂದು ಜಾಗದಲ್ಲಿ ಸಿಕ್ಕಿಬೀಳುತ್ತದೆ. ಅವೆಲ್ಲ ಸೇರಿ ಕುಡುಗೋಲು.

ಶಟರ್ ವೇಗ ಏರಿಸಿದರೆ ಹೋಗದೇ ಇರುವುದಕ್ಕೂ ಕಾರಣ ಇದೇ. 1/8000 ಎಂದರೆ ಪ್ರತಿ ಸಾಲೂ ಬೆಳಕು ಕುಡಿಯುವ ಹೊತ್ತು; ಒಂದು ಸಾಲಿಗೂ ಮುಂದಿನ ಸಾಲಿಗೂ ನಡುವಿನ ಅಂತರ ಅದರಿಂದ ಕಡಿಮೆಯಾಗುವುದಿಲ್ಲ. ನಿಮಗೆ ಸಿಕ್ಕಿದ್ದು ಬಹಳ ಸ್ಪಷ್ಟವಾಗಿ ಮೂಡಿದ ಕುಡುಗೋಲು, ಅಷ್ಟೇ.

ಫೋನಿನಲ್ಲೇ ಮಾಡಬಹುದಾದ ಒಂದು ಉಪಾಯವಿದೆ, ಖರ್ಚಿಲ್ಲ. ಫೋನನ್ನು ಅಡ್ಡ ಹಿಡಿದರೆ ಸಾಲುಗಳು ನೆಲಕ್ಕೆ ಸಮಾನಾಂತರ; ಉದ್ದ ಹಿಡಿದರೆ ಅವೇ ಸಾಲುಗಳು ಕಂಬದ ಹಾಗೆ ನೆಟ್ಟಗೆ. ಮಗಳ ಎದೆಗೆ ಎದುರಾಗಿ ನಿಂತಾಗ, ಚೆಂಡಿಗೆ ಏಟು ಬೀಳುವ ಹೊತ್ತಿಗೆ ಶಾಫ್ಟ್ ಹೆಚ್ಚುಕಡಿಮೆ ನೆಟ್ಟಗಿರುತ್ತದೆ. ಫೋನೂ ಉದ್ದಕ್ಕಿದ್ದರೆ ಇಡೀ ಶಾಫ್ಟ್ ಅಕ್ಕಪಕ್ಕದ ಕೆಲವೇ ಸಾಲುಗಳೊಳಗೆ ಬಂದು ಬಹುಮಟ್ಟಿಗೆ ಒಟ್ಟಿಗೇ ಓದಿಸಿಕೊಳ್ಳುತ್ತದೆ. ಕ್ಲಬ್ ಸೊಂಟದ ಮಟ್ಟದಲ್ಲಿ ಅಡ್ಡ ಬರುವ ಗಳಿಗೆ ಬೇಕಿದ್ದರೆ ಫೋನನ್ನೂ ಅಡ್ಡ ಹಿಡಿಯಿರಿ. ಶಾಫ್ಟ್ ನೆಟ್ಟಗಿದ್ದರೆ ಫೋನ್ ನೆಟ್ಟಗೆ, ಶಾಫ್ಟ್ ಅಡ್ಡಕ್ಕಿದ್ದರೆ ಫೋನ್ ಅಡ್ಡ. ಬಾಗು ಪೂರ್ತಿ ಹೋಗದಿದ್ದರೂ ಬಹುಪಾಲು ಹೋಗುತ್ತದೆ.

ಕ್ಯಾಮೆರಾ ಇದ್ದವರು ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರ್ ಬಳಸಿ. ಅದರ ಪರದೆ ಚಿತ್ರವನ್ನು ದಾಟಲು 3–4 ಮಿಲಿಸೆಕೆಂಡ್ ಸಾಕು; ಅಷ್ಟರಲ್ಲಿ ಕ್ಲಬ್ಬಿನ ತುದಿ 12–16 ಸೆಂಟಿಮೀಟರ್ ಸರಿಯುತ್ತದೆ, ಆದರೆ ಶಾಫ್ಟ್ ಚಿತ್ರದ ಪೂರ್ತಿ ಎತ್ತರ ತುಂಬದ ಕಾರಣ ಕಾಣುವ ಬಾಗು ಅದಕ್ಕಿಂತ ಕಡಿಮೆ. ಸಾಲು ಸಾಲಾಗಿ ಓದದೆ ಇಡೀ ಸೆನ್ಸರನ್ನು ಒಂದೇ ಕ್ಷಣಕ್ಕೆ ಓದುವ ಗ್ಲೋಬಲ್ ಶಟರ್ ಕ್ಯಾಮೆರಾಗಳೂ ಬಂದಿವೆ. ಸೋನಿ ಎ9 ಮಾರ್ಕ್ 3 ಅಂಥದ್ದು. ಬೆಲೆ ನೋಡಿದರೆ ಅದೇ ದುಡ್ಡಿಗೆ ಒಳ್ಳೆಯ ಗಾಲ್ಫ್ ಸೆಟ್ಟನ್ನೇ ಕೊಳ್ಳಬಹುದು. ಮಗಳ ಸ್ವಿಂಗ್‌ಗಾಗಿ ಮಾತ್ರವಾದರೆ ಬೇಡ.

ಶಾಫ್ಟ್ ನಿಜಕ್ಕೂ ಬಾಗುತ್ತದೆ ಎಂಬುದನ್ನೂ ಹೇಳಿಬಿಡಬೇಕು. ಕ್ಲಬ್ ಕೆಳಗಿಳಿಯಲು ಶುರುವಾದಾಗ ತುದಿ ಹಿಂದೆ ಉಳಿದು ಶಾಫ್ಟ್ ಹಿಂದಕ್ಕೆ ಬಳುಕುತ್ತದೆ. ಏಟಿನ ಹೊತ್ತಿಗೆ ತುದಿ ಸ್ವಲ್ಪ ಮುಂದಾಗುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಹೆರಾಲ್ಡ್ ಎಜರ್ಟನ್ 1938ರಲ್ಲೇ ಡೆನ್ಸ್‌ಮೋರ್ ಶೂಟ್ ಎಂಬ ಆಟಗಾರನ ಸ್ವಿಂಗನ್ನು ಮಿಂಚು ದೀಪದಲ್ಲಿ ಸೆರೆಹಿಡಿದು ಈ ಬಳುಕನ್ನು ತೋರಿಸಿದ. ಆದರೆ ನಿಜವಾದ ಬಳುಕು ಕೆಲವು ಸೆಂಟಿಮೀಟರ್ ಮಾತ್ರ. ಹಿಡಿಕೆಯಿಂದ ತುದಿಯವರೆಗೆ ಕಮಾನು ಕಂಡರೆ ಅದು ಸೆನ್ಸರ್‌ನ ಕೆಲಸ. ಅದನ್ನು ನೋಡಿ ಶಾಫ್ಟ್ ಬದಲಿಸಲು ಹೊರಡಬೇಡಿ.

ಪ್ರಶ್ನೆ: ಸೆಕೆಂಡಿಗೆ 10 ಚಿತ್ರ ತೆಗೆಯುವ ಕ್ಯಾಮೆರಾ, 55–250 ಎಂಎಂ ಜೂಮ್ ಲೆನ್ಸ್ ಇದೆ. ಆದರೂ 16 ವರ್ಷದ ಮಗ ಚೆಂಡು ಹೊಡೆಯುವ ಕ್ಷಣ ಒಮ್ಮೆಯೂ ಸಿಕ್ಕಿಲ್ಲ. ಒಂದೋ ಕ್ಲಬ್ ಮೇಲಿರುತ್ತದೆ, ಇಲ್ಲವೇ ಎಲ್ಲ ಮುಗಿದಿರುತ್ತದೆ. – ಓದುಗರು, ಬೆಂಗಳೂರು

ಸಿಗದಿರುವುದೇ ಸಹಜ. ಕ್ಲಬ್ ಚೆಂಡಿಗೆ ಅಂಟಿಕೊಂಡಿರುವುದು ಸುಮಾರು ಅರ್ಧ ಮಿಲಿಸೆಕೆಂಡ್. ಸೆಕೆಂಡಿಗೆ 10 ಚಿತ್ರ ಎಂದರೆ ಎರಡು ಚಿತ್ರಗಳ ನಡುವೆ 100 ಮಿಲಿಸೆಕೆಂಡ್ ಬಿಡುವು. ಇನ್ನೂರು ಸ್ವಿಂಗ್ ತೆಗೆದರೆ ಒಂದರಲ್ಲಿ ಸಿಕ್ಕೀತು. ಸೆಕೆಂಡಿಗೆ 20 ತೆಗೆಯುವ ಕ್ಯಾಮೆರಾದಲ್ಲೂ ನೂರಕ್ಕೆ ಒಂದು. ಆ ಒಂದಕ್ಕಾಗಿ ಮಗನ ಬೆನ್ನು ನೋಯಿಸಬೇಡಿ.

ಅದಕ್ಕಿಂತ ಒಳ್ಳೆಯ ಚಿತ್ರ ಏಟು ಬಿದ್ದ ಮರುಗಳಿಗೆಯದು. ಚೆಂಡು ಚಿತ್ರದ ಅಂಚಿನ ಕಡೆ ಹೊರಟಿರುತ್ತದೆ, ಚೆಂಡನ್ನು ಕೂರಿಸಿದ್ದ ಪುಟ್ಟ ಗೂಟ (ಟೀ) ಗಾಳಿಯಲ್ಲಿ ಪಲ್ಟಿ ಹೊಡೆಯುತ್ತಿರುತ್ತದೆ, ಎರಡು ಕೈಗಳೂ ಚಾಚಿರುತ್ತವೆ, ತಲೆ ಮಾತ್ರ ಚೆಂಡು ಇದ್ದ ಜಾಗವನ್ನೇ ನೋಡುತ್ತಿರುತ್ತದೆ. ಕಣ್ಣು ಇನ್ನೂ ಅಲ್ಲೇ, ಚೆಂಡು ಆಗಲೇ ಎರಡು ಮೀಟರ್ ಆಚೆ: ಗಾಲ್ಫ್ ಏನೆಂದು ಗೊತ್ತಿಲ್ಲದ ಅಜ್ಜಿಗೂ ಆ ಚಿತ್ರ ಅರ್ಥವಾಗುತ್ತದೆ. ಅದನ್ನು ಲೆಕ್ಕ ಹಾಕಿಯೇ ಹಿಡಿಯಬಹುದು. ಡ್ರೈವರ್‌ನಿಂದ ಹೊರಟ ಚೆಂಡು ಸೆಕೆಂಡಿಗೆ 58 ಮೀಟರ್ ಆಸುಪಾಸಿನಲ್ಲಿ ಹೋಗುತ್ತದೆ. ಚೆಂಡಿನ ಮುಂದೆ, ಗುರಿಯ ಕಡೆಗೆ, ಚಿತ್ರದಲ್ಲಿ 3 ಮೀಟರ್ ಜಾಗ ಬಿಟ್ಟರೆ ಚೆಂಡು ಆ ಜಾಗ ದಾಟಲು 52 ಮಿಲಿಸೆಕೆಂಡ್ ಬೇಕು. ನಿಮ್ಮ ಕ್ಯಾಮೆರಾದಲ್ಲಿ ಎರಡು ಸ್ವಿಂಗ್‌ಗೆ ಒಂದರಂತೆ ಚೆಂಡಿರುವ ಚಿತ್ರ ಬರಬೇಕು. ಬರುತ್ತಿಲ್ಲ ಎಂದರೆ ನೀವು ಮಗನನ್ನು ಚೌಕಟ್ಟಿನ ನಡುವೆ ನಿಲ್ಲಿಸಿ ಬಿಗಿಯಾಗಿ ಕತ್ತರಿಸುತ್ತಿದ್ದೀರಿ. ಅವನನ್ನು ಒಂದು ಬದಿಗೆ ಸರಿಸಿ. ತಲೆಯ ಮೇಲೂ ಮುಕ್ಕಾಲು ಮೀಟರ್ ಬಿಡಿ. ಡ್ರೈವರ್ ಸುಮಾರು 114 ಸೆಂಟಿಮೀಟರ್ ಉದ್ದವಿದೆ, ಮೇಲಕ್ಕೆ ಹೋದಾಗ ಅದಕ್ಕೂ ಜಾಗ ಬೇಕು.

ಎರಡನೆಯ ಎಡವಟ್ಟು ಬೆರಳಿನದು. ಕ್ಲಬ್ ಹಿಂದಕ್ಕೆ ಹೋಗಲು ಮುಕ್ಕಾಲರಿಂದ ಒಂದು ಸೆಕೆಂಡ್, ಕೆಳಗಿಳಿದು ಚೆಂಡು ಮುಟ್ಟಲು ಕಾಲು ಸೆಕೆಂಡ್ ಚಿಲ್ಲರೆ. ಕಣ್ಣಿಗೆ ಕಂಡಿದ್ದು ಬೆರಳಿಗೆ ತಲುಪಲು ಹತ್ತಿರ ಹತ್ತಿರ ಅಷ್ಟೇ ಹೊತ್ತು ಹಿಡಿಯುತ್ತದೆ. "ಈಗ ಇಳಿಯಿತು" ಎಂದು ಒತ್ತುವ ಹೊತ್ತಿಗೆ ಚೆಂಡು ಹೋಗಿಯಾಗಿದೆ. ಕ್ಲಬ್ ಹಿಂದಕ್ಕೆ ಹೊರಟು ಕೈಗಳು ಭುಜದ ಮಟ್ಟಕ್ಕೆ ಬಂದಾಗಲೇ ಒತ್ತಿ, ಸ್ವಿಂಗ್ ಪೂರ್ತಿ ಮುಗಿಯುವವರೆಗೆ ಬಿಡಬೇಡಿ. ಒಂದೂವರೆ ಸೆಕೆಂಡಿಗೆ 15 ಚಿತ್ರ. ಕಾರ್ಡ್ ನಿಧಾನವಾದರೆ ಕ್ಯಾಮೆರಾ ನಡುವೆ ಉಸಿರು ಬಿಗಿಹಿಡಿದು ನಿಂತುಬಿಡುತ್ತದೆ. ಆಗ ದೊಡ್ಡ ರಾ ಫೈಲ್ ಬಿಟ್ಟು ಚಿಕ್ಕ ಜೆಪೆಗ್‌ಗೆ ಬನ್ನಿ.

ಫೋಕಸ್ ವಿಷಯಕ್ಕೆ ಕ್ರಿಕೆಟ್, ಫುಟ್‌ಬಾಲ್‌ನ ಅಭ್ಯಾಸ ಇಲ್ಲಿ ಬೇಡ. ಮಗ ನಿಂತಲ್ಲೇ ನಿಂತಿರುತ್ತಾನೆ. ಸದಾ ಹುಡುಕುತ್ತಿರುವ ಫೋಕಸ್ ಇಟ್ಟರೆ, ಮುಖದ ಮುಂದೆ ಕೈಯೋ ಕ್ಲಬ್ಬೋ ಹಾದಾಗ ಅದರ ಹಿಂದೆ ಓಡುತ್ತದೆ, ಇಲ್ಲವೇ ಹಿಂದಿನ ಮರಕ್ಕೆ ಹೋಗಿ ಕೂರುತ್ತದೆ. ಅವನು ಚೆಂಡಿನ ಮುಂದೆ ನಿಂತು ಸಜ್ಜಾದಾಗ ಮುಖಕ್ಕೆ ಫೋಕಸ್ ಹಿಡಿದು, ಲೆನ್ಸಿನ ಪಕ್ಕದ ಗುಂಡಿಯನ್ನು ಮ್ಯಾನುಯಲ್‌ಗೆ ತಿರುಗಿಸಿಬಿಡಿ. ಅವನು ಜಾಗ ಬದಲಿಸುವವರೆಗೆ ಮುಟ್ಟುವ ಕೆಲಸವಿಲ್ಲ.

ಶಟರ್ ವೇಗ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಸೆಕೆಂಡಿಗೆ 40 ಮೀಟರ್ ಹೋಗುವ ತುದಿ 1/1000ರಲ್ಲಿ 4 ಸೆಂಟಿಮೀಟರ್ ಸರಿಯುತ್ತದೆ, 1/2000ರಲ್ಲಿ 2, 1/4000ರಲ್ಲಿ 1. ಚೆಂಡಿನ ಅಗಲವೇ 42.67 ಮಿಲಿಮೀಟರ್, 1/1000 ಇಟ್ಟರೆ ಚೆಂಡು ಚೆಂಡಾಗಿ ಕಾಣದೆ ಬಿಳಿ ಗೆರೆಯಾಗುತ್ತದೆ. ಏಟಿನ ಆಸುಪಾಸಿಗೆ 1/3200 ಅಥವಾ 1/4000 ಬೇಕು. ಕ್ಲಬ್ ಮೇಲೆ ತಿರುಗುವ ಗಳಿಗೆಯಲ್ಲಿ ಅದು ಬಹುತೇಕ ನಿಂತಂತೆಯೇ ಇರುತ್ತದೆ, 1/500 ಸಾಕು. ಸ್ವಿಂಗ್ ಮುಗಿಸಿ ನಿಂತ ಭಂಗಿಗೆ 1/250. ಹೊಳೆಯುವ ಬಿಸಿಲಿನಲ್ಲಿ, ನಿಮ್ಮ ಲೆನ್ಸಿನ ಬಾಯಿ ಎಫ್/5.6ರಷ್ಟು ತೆರೆದಿದ್ದಾಗ, ಬೆಳಕಿನ ಸೂಕ್ಷ್ಮತೆಯ ಅಳತೆಯಾದ ಐಎಸ್‌ಒ 400ಕ್ಕೆ 1/3200 ಸಿಗುತ್ತದೆ. ಮೋಡ ಕವಿದರೆ ಅದೇ ವೇಗಕ್ಕೆ ಐಎಸ್‌ಒ 3200 ಬೇಕಾದೀತು. ಕಾಳು ಕಾಳಾಗಿ ಬಂದರೂ ಪರವಾಗಿಲ್ಲ, ವೇಗ ಇಳಿಸಬೇಡಿ.

ಪ್ರಶ್ನೆ: ಮಗ ಎಡಗೈ ಆಟಗಾರ. ಎಲ್ಲಿ ನಿಂತು ತೆಗೆದರೆ ಅಪಾಯವಿಲ್ಲ? – ಓದುಗರು, ಮಡಿಕೇರಿ

ಮೊದಲು ಬಲಗೈಯವರದನ್ನು ಹೇಳಿ ಆಮೇಲೆ ತಿರುಗಿಸೋಣ. ಕ್ಲಬ್ಬಿನ ಮುಖದ ಬದಲು ಶಾಫ್ಟ್ ಕೂಡುವ ಕುತ್ತಿಗೆಗೆ ಚೆಂಡು ತಗುಲಿದರೆ ಅದು ಗುರಿ ಬಿಟ್ಟು ಬಲಕ್ಕೆ, ಓರೆಯಾಗಿ ಸಿಡಿಯುತ್ತದೆ. ಆಟಗಾರರ ಬಾಯಲ್ಲಿ ಅದು ಶ್ಯಾಂಕ್. ಕಲಿಯುವವರಲ್ಲಿ ಯಾವಾಗ ಬೀಳುತ್ತದೆ ಎಂದು ಹೇಳಲಾಗದು. ಬಲಗೈ ಆಟಗಾರನ ಎದೆಗೆ ಎದುರಾಗಿ ನಿಂತವನ ಪಕ್ಕವೇ ಆ ಬಲಭಾಗ. ಹಾಗಾಗಿ ಎದುರು ನಿಲ್ಲುವಾಗ ಚೆಂಡಿನ ನೇರಕ್ಕಿಂತ ಒಂದು ಹೆಜ್ಜೆಯೂ ಗುರಿಯ ಕಡೆ ಹೋಗಬೇಡಿ. ಒಂದು ಹೆಜ್ಜೆ ಹಿಂದೆಯೇ ಇರಿ. ದೂರ 8ರಿಂದ 10 ಮೀಟರ್. ಎಡಗೈಯವರಿಗೆ ಶ್ಯಾಂಕ್ ಎಡಕ್ಕೆ ಸಿಡಿಯುತ್ತದೆ. ಆದರೆ ಅವನು ಎದೆ ಕೊಟ್ಟು ನಿಂತಿರುವುದೂ ಆ ಕಡೆಗೇ, ಆದ್ದರಿಂದ ನಿಯಮ ಬದಲಾಗದು.

ಗುರಿಯ ಕಡೆಯಿಂದ, ಮುಖ ಕಾಣುವಂತೆ ತೆಗೆಯಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಚೆಂಡಿಲ್ಲದೆ ಬರೀ ಬೀಸಿಸಿ ತೆಗೆಯಿರಿ. ಚೆಂಡಿನ ತೂಕ 46 ಗ್ರಾಮ್‌ಗೆ ಸ್ವಲ್ಪ ಕಡಿಮೆ, ಕಲ್ಲಿನಂಥ ವಸ್ತು. "ದೂರದಲ್ಲಿದ್ದೇನೆ, ಲೆನ್ಸ್ ಜೂಮ್ ಇದೆ" ಎಂಬುದು ರಕ್ಷಣೆಯಲ್ಲ. ಚೆಂಡು ಇರಲೇಬೇಕೆಂದರೆ ಕ್ಯಾಮೆರಾವನ್ನು ಮಾತ್ರ ಸ್ಟ್ಯಾಂಡಿನ ಮೇಲೆ ಬಿಟ್ಟು ರಿಮೋಟಿನಲ್ಲಿ ಒತ್ತಿ. ಅದಕ್ಕೆ ಏಟು ಬಿದ್ದರೆ ನಷ್ಟ ದುಡ್ಡಿನದು ಮಾತ್ರ.

ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದ ಚಿತ್ರವನ್ನು ಕೆಲವು ಫೋನ್‌ಗಳು ಕನ್ನಡಿಯಂತೆ ತಿರುಗಿಸಿ ಉಳಿಸುತ್ತವೆ. ನಿಮ್ಮ ಎಡಗೈ ಮಗ ಬಲಗೈಯವನಾಗಿ ಕಂಡರೆ ಗಾಬರಿಯಾಗಬೇಡಿ, ಸೆಟ್ಟಿಂಗ್ಸ್‌ನಲ್ಲಿ ಮಿರರ್ ಆಯ್ಕೆ ತೆಗೆದುಬಿಡಿ.

ಪ್ರಶ್ನೆ: ಟೋಪಿಯ ನೆರಳಿನಲ್ಲಿ ಮಗಳ ಮುಖ ಕಪ್ಪು, ಬಿಳಿ ಟೀಶರ್ಟ್ ಸುಟ್ಟಂತೆ ಬಿಳುಚು. ಯಾವ ಹೊತ್ತಿಗೆ ತೆಗೆಯಬೇಕು? – ಓದುಗರು, ಚಿಕ್ಕಮಗಳೂರು

ಹೊತ್ತಿನ ಜೊತೆ ದಿಕ್ಕನ್ನೂ ನೋಡಬೇಕು. ಬಲಗೈ ಆಟಗಾರ್ತಿ ಉತ್ತರಕ್ಕೆ ಹೊಡೆಯುವಾಗ ಅವಳ ಎದೆ ಪೂರ್ವಕ್ಕಿರುತ್ತದೆ. ಬೆಳಗಿನ ಬಿಸಿಲು ನೇರ ಮುಖಕ್ಕೆ. ದಕ್ಷಿಣಕ್ಕೆ ಹೊಡೆಯುವಾಗ ಎದೆ ಪಶ್ಚಿಮಕ್ಕೆ. ಅಲ್ಲಿ ಸಂಜೆ ಚೆನ್ನ. ಪೂರ್ವಕ್ಕೆ ಹೊಡೆದರೆ ದಕ್ಷಿಣಾಭಿಮುಖ, ಡಿಸೆಂಬರ್–ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಒಂಬತ್ತು–ಹತ್ತು ಗಂಟೆಯವರೆಗೂ ನಡೆಯುತ್ತದೆ. ಪಶ್ಚಿಮಕ್ಕೆ ಹೊಡೆಯುವ ರೇಂಜ್ (ಅಭ್ಯಾಸದ ಬಯಲು) ಆದರೆ ಮುಖ ಉತ್ತರಕ್ಕಿರುತ್ತದೆ. ಚಳಿಗಾಲದಲ್ಲಿ ಬಿಸಿಲೆಲ್ಲ ಬೆನ್ನಿಗೆ. ಎಡಗೈಯವರಿಗೆ ಇದೆಲ್ಲ ತಿರುಗುಮುರುಗು. ಫೋನಿನ ದಿಕ್ಸೂಚಿ ತೆರೆದು ಒಮ್ಮೆ ನೋಡಿಕೊಂಡರೆ ಆ ರೇಂಜ್‌ಗೆ ಬೆಳಗೋ ಸಂಜೆಯೋ ಎಂಬುದು ಶಾಶ್ವತವಾಗಿ ಇತ್ಯರ್ಥ.

ಬಿಸಿಲು ತಗ್ಗಿನಲ್ಲಿದ್ದಾಗ ಅದು ಟೋಪಿಯ ಅಂಚಿನ ಅಡಿಯಿಂದ ನುಗ್ಗಿ ಕಣ್ಣಿನವರೆಗೆ ಮುಟ್ಟುತ್ತದೆ. ಗಾಲ್ಫ್‌ನಲ್ಲಿ ತಲೆ ಬಗ್ಗಿರುವುದರಿಂದ ಇದು ಬೇರೆ ಆಟಗಳಿಗಿಂತ ಮುಖ್ಯ. ಬೆಳಗಿನ ಚಿತ್ರವಾದರೆ ಸಾಮಾನ್ಯವಾಗಿ ಸೂರ್ಯ ಹುಟ್ಟಿ ಒಂದೂವರೆ ಗಂಟೆಯೊಳಗೆ ಕೆಲಸ ಮುಗಿಸಿ. ಹತ್ತರ ಮೇಲೆ ಏನೇ ಮಾಡಿದರೂ ಕಣ್ಣು ಗುಳಿಯೊಳಗೆ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ ಬೆಂಗಳೂರು, ಚಿಕ್ಕಮಗಳೂರಿನ ಅಕ್ಷಾಂಶದಲ್ಲಿ ಮಧ್ಯಾಹ್ನದ ಸೂರ್ಯ ಅಕ್ಷರಶಃ ನೆತ್ತಿಯ ಮೇಲೆ. ಆ ಹೊತ್ತಿನಲ್ಲಿ ಕ್ಯಾಮೆರಾ ಚೀಲದಿಂದ ತೆಗೆಯುವುದೇ ದಂಡ.

ಬೆನ್ನ ಹಿಂದೆ ಸೂರ್ಯನನ್ನು ಇಟ್ಟುಕೊಂಡವರಿಗೆ ಇನ್ನೊಂದು ತಾಪತ್ರಯ: ಸ್ವಂತ ನೆರಳು. ಸೂರ್ಯ 15 ಡಿಗ್ರಿ ಎತ್ತರದಲ್ಲಿದ್ದಾಗ ಐದೂವರೆ ಅಡಿ ಆಳಿನ ನೆರಳು ಆರು ಮೀಟರ್ ದಾಟುತ್ತದೆ. ಅದು ಚೆಂಡಿನ ಮೇಲೆ ಬಿದ್ದರೆ ಚಿತ್ರವೂ ಕೆಡುತ್ತದೆ, ಮಗಳೂ ಸಿಡುಕುತ್ತಾಳೆ. 10 ಮೀಟರ್ ದೂರ ನಿಲ್ಲಿ ಎಂದದ್ದಕ್ಕೆ ಇದೂ ಒಂದು ಕಾರಣ.

ಬಿಳಿ ಟೀಶರ್ಟ್ ಸುಡುವುದು ಕ್ಯಾಮೆರಾ ಹಿಂದಿನ ಕಪ್ಪು ಮರಗಳನ್ನು ನೋಡಿ ಮೋಸಹೋಗುವುದರಿಂದ. ಎಕ್ಸ್‌ಪೋಶರ್ ಅನ್ನು ಮೈನಸ್ 0.7ಕ್ಕೆ ಇಳಿಸಿ. ಹಿಂದೆ ಬಿಳಿ ಆಕಾಶವಿದ್ದರೆ ತದ್ವಿರುದ್ಧ, ಪ್ಲಸ್ 1. ಮುಖಕ್ಕೆ ಬೆಳಕು ಸಾಲದಿದ್ದರೆ ಅವಳಿಂದ ಮೂರು ಮೀಟರ್ ದೂರದಲ್ಲಿ, ಕ್ಲಬ್ ತಾಗದ ಕಡೆ, ಬಿಳಿ ಪಂಚೆಯೊಂದನ್ನು ಹುಲ್ಲಿನ ಮೇಲೆ ಹಾಸಿ ನಾಲ್ಕು ಮೂಲೆಗೆ ನಾಲ್ಕು ಟೀ ಚುಚ್ಚಿ. ನೆಲದಿಂದ ಪುಟಿದ ಬೆಳಕು ಬಗ್ಗಿದ ಮುಖಕ್ಕೆ ಸರಿಯಾಗಿ ತಾಗುತ್ತದೆ. ದುಬಾರಿ ರಿಫ್ಲೆಕ್ಟರ್ ಗಾಳಿಗೆ ಹಾರುತ್ತದೆ, ಪಂಚೆ ಹಾರುವುದಿಲ್ಲ. ಫ್ಲ್ಯಾಶ್ ಮಾತ್ರ ಬೇಡ: 1/3200 ವೇಗಕ್ಕೆ ಹೊಂದುವ ಹೈಸ್ಪೀಡ್ ಸಿಂಕ್‌ನಲ್ಲಿ ಅದರ ಬಲ ಉಡುಗಿ ಹತ್ತು ಮೀಟರಿಗೆ ಮುಟ್ಟುವುದೇ ಇಲ್ಲ, ಪಕ್ಕದವರ ಕಣ್ಣು ಕುಕ್ಕುವುದು ಬೇರೆ.

ನಿಮ್ಮ ಕಡೆ ಬೆಳಗ್ಗೆ ಇಬ್ಬನಿ. ಎಸಿ ಕಾರಿನಿಂದ ಇಳಿದ ತಕ್ಷಣ ಲೆನ್ಸ್ ಮಬ್ಬಾಗುತ್ತದೆ. ಒರೆಸಿದಷ್ಟೂ ಮತ್ತೆ ಬರುತ್ತದೆ. ಕ್ಯಾಮೆರಾವನ್ನು ಚೀಲದೊಳಗೇ ಇಟ್ಟು ಇಪ್ಪತ್ತು ನಿಮಿಷ ಹೊರಗೆ ಬಿಡಿ.

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ, ಮಗನ ಕೋಚ್ ಬೆಂಗಳೂರಿನಲ್ಲಿ. ಕಳಿಸಿದ ವಿಡಿಯೊ ನೋಡಿ "ಇದರಲ್ಲಿ ಏನೂ ಗೊತ್ತಾಗುತ್ತಿಲ್ಲ" ಎನ್ನುತ್ತಾರೆ. – ಓದುಗರು, ಫೀನಿಕ್ಸ್

ಕೋಚ್‌ಗೆ ಬೇಕಾದದ್ದು ಎರಡೇ ಕೋನ. ಒಂದು, ಎದೆಗೆ ನೇರ ಎದುರು. ಇನ್ನೊಂದು, ಹಿಂದಿನಿಂದ ಗುರಿಯ ಕಡೆ ನೋಡುವಂತೆ. ಇದನ್ನು ಡೌನ್ ದ ಲೈನ್ ಅನ್ನುತ್ತಾರೆ. ಮೂರನೆಯದು, ಓರೆಯಾಗಿ ಚೆಂದ ಕಂಡ ಕಡೆಯಿಂದ ತೆಗೆದದ್ದು, ಗೋಡೆಗೆ ಸರಿ, ಕೋಚ್‌ಗೆ ಕಸ.

ಡೌನ್ ದ ಲೈನ್‌ನಲ್ಲೇ ಹೆಚ್ಚಿನವರು ಎಡವುವುದು. ಗುರಿಯ ಕಡೆಗೆ ಒಂದು ಕೋಲನ್ನು ಚೆಂಡಿನ ಪಕ್ಕ ನೆಲದ ಮೇಲೆ ಇಡಿಸಿ. ಅದಕ್ಕೆ ಸಮಾನಾಂತರವಾಗಿ, ಮಗನ ಎರಡು ಕೈಗಳು ಇರುವ ನೇರಕ್ಕೆ, ನಾಲ್ಕು ಮೀಟರ್ ಹಿಂದೆ ಸ್ಟ್ಯಾಂಡ್ ನಿಲ್ಲಿಸಿ. ಲೆನ್ಸ್ ಕೈಗಳ ಎತ್ತರಕ್ಕೆ, ಅಂದರೆ ಸುಮಾರು 80–90 ಸೆಂಟಿಮೀಟರ್. ನಿಂತುಕೊಂಡು ಕಣ್ಣಿನ ಎತ್ತರದಿಂದ ತೆಗೆದರೆ ಕ್ಲಬ್ ಚಲಿಸುವ ಓರೆ ಚಪ್ಪಟೆಯಾಗಿ ಕಾಣುತ್ತದೆ. ಒಂದಡಿ ಆಚೀಚೆ ಸರಿದರೂ ಒಳಗಿನಿಂದ ಬರುವ ಕ್ಲಬ್ ಹೊರಗಿನಿಂದ ಬಂದಂತೆ ಕಾಣುತ್ತದೆ, ಇಲ್ಲದ ದೋಷಕ್ಕೆ ಚಿಕಿತ್ಸೆ ಶುರುವಾಗುತ್ತದೆ. ಫೋನ್ 1ಎಕ್ಸ್‌ನಲ್ಲೇ ಇರಲಿ. 0.5ಎಕ್ಸ್ ವೈಡ್ ಲೆನ್ಸ್ ಅಂಚಿನಲ್ಲಿರುವುದನ್ನೆಲ್ಲ ಎಳೆದು ಹಿಗ್ಗಿಸುತ್ತದೆ.

ಸ್ಲೋ ಮೋಷನ್ 240, ಅಂದರೆ ಸೆಕೆಂಡಿಗೆ 240 ಚಿತ್ರ, ಸಾಕು. ಅದರಲ್ಲೂ ಏಟಿನ ಬಳಿ ಎರಡು ಚಿತ್ರಗಳ ನಡುವೆ ಕ್ಲಬ್ 17 ಸೆಂಟಿಮೀಟರ್ ಹೋಗುತ್ತದೆ ಎಂಬುದು ನೆನಪಿರಲಿ. ಬೆಳಕು ಕಡಿಮೆಯಿದ್ದರೆ ಪ್ರತಿ ಚಿತ್ರದಲ್ಲೂ ಅಷ್ಟೇ ಉದ್ದದ ಮಸುಕು. ಶಟರ್ ವೇಗವನ್ನು 1/2000ಕ್ಕೆ ಕಟ್ಟಿಹಾಕಬಲ್ಲ ಆ್ಯಪ್ ಬಳಸಿ, ಇಲ್ಲವೇ ಬಿಸಿಲಿನಲ್ಲೇ ತೆಗೆಯಿರಿ. ಫೀನಿಕ್ಸ್‌ನಲ್ಲಿ ಅದಕ್ಕೇನೂ ಬರವಿಲ್ಲ. 960 ಎಂದು ಜಂಬ ಕೊಚ್ಚುವ ಕೆಲವು ಫೋನ್‌ಗಳು ನಡುವಿನ ಚಿತ್ರಗಳನ್ನು ತಾವೇ ಊಹಿಸಿ ಹೆಣೆಯುತ್ತವೆ. ಊಹಿಸಿದ ಕ್ಲಬ್‌ನಿಂದ ಕೋಚ್ ಏನು ಕಲಿಸಬೇಕು?

ಕೋಚ್‌ಗೆ ಏನೂ ಗೊತ್ತಾಗದಿರಲು ಬಹುಶಃ ವಾಟ್ಸಾಪ್ ಕೂಡ ಕಾರಣ. ವಿಡಿಯೊ ಎಂದು ಕಳಿಸಿದರೆ ಅದು ಹಿಂಡಿ ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ.

ಬೆಳೆಯುವ ಹುಡುಗನಾದ್ದರಿಂದ ಇನ್ನೊಂದು ಸಲಹೆ. ತಿಂಗಳಿಗೊಮ್ಮೆ, ಅದೇ 7 ಐರನ್ ಕ್ಲಬ್, ಅದೇ ನಾಲ್ಕು ಮೀಟರ್, ಅದೇ ಎತ್ತರ. ಟೇಪ್ ಹಿಡಿದು ಅಳೆಯಿರಿ. ಆರು ತಿಂಗಳಲ್ಲಿ ಅವನು ಮೂರು–ನಾಲ್ಕು ಸೆಂಟಿಮೀಟರ್ ಉದ್ದವಾಗಿ ಬೆನ್ನು ಹೆಚ್ಚು ಬಗ್ಗುತ್ತಿದ್ದರೆ, ಎರಡು ವಿಡಿಯೊ ಪಕ್ಕಪಕ್ಕ ಇಟ್ಟಾಗ ಕ್ಲಬ್ ಗಿಡ್ಡವಾಯಿತು ಎಂಬುದು ಕೋಚ್ ಹೇಳುವ ಮುಂಚೆ ನಿಮಗೇ ಕಾಣುತ್ತದೆ. ಕ್ಯಾಮೆರಾ ಜಾಗ ಬದಲಾಗಿದ್ದರೆ ಈ ಹೋಲಿಕೆಗೆ ಅರ್ಥವಿಲ್ಲ.

ಪ್ರಶ್ನೆ: ಕ್ಲಬ್ ಬೀಸಿದ ದಾರಿ ಬೀಸಣಿಗೆಯಂತೆ ಕಾಣುವ ಚಿತ್ರ ತೆಗೆಯುವುದು ಹೇಗೆ? – ಓದುಗರು, ಮಂಗಳೂರು

ವೇಗ ಇಳಿಸಿ. 1/30 ಇಟ್ಟರೆ ಏಟಿನ ಬಳಿ ಕ್ಲಬ್ಬಿನ ತುದಿ 1.3 ಮೀಟರ್ ಸಾಗುತ್ತದೆ, 1/15 ಇಟ್ಟರೆ 2.7 ಮೀಟರ್. ಸ್ಟ್ಯಾಂಡ್ ಕಡ್ಡಾಯ. ಬಿಸಿಲಿನಲ್ಲಿ ಐಎಸ್‌ಒ 100, ಎಫ್/16 ಇಟ್ಟರೂ 1/30ಕ್ಕೆ ಬೆಳಕು ಮೂರುಪಟ್ಟು ಹೆಚ್ಚಾಗುತ್ತದೆ. ಒಂದು ಪೋಲರೈಸರ್ ಫಿಲ್ಟರ್ ಹಾಕಿದರೆ ಹೆಚ್ಚುಕಡಿಮೆ ಸರಿಹೋಗುತ್ತದೆ. 1/15ಕ್ಕೆ ಬೆಳಕನ್ನು ತಗ್ಗಿಸುವ ಇನ್ನೊಂದು ಫಿಲ್ಟರ್, ಎನ್‌ಡಿ 8 ಬೇಕು.

ಆದರೆ ಬೀಸಣಿಗೆ ಮೂಡುವುದು ಕ್ಲಬ್ ಹೊಳೆದರೆ ಮಾತ್ರ. ಡ್ರೈವರ್‌ನ ಕಪ್ಪು ಗ್ರ್ಯಾಫೈಟ್ ಶಾಫ್ಟ್ ಹುಲ್ಲಿನಲ್ಲಿ ಕರಗಿಹೋಗುತ್ತದೆ. ಸ್ಟೀಲ್ ಶಾಫ್ಟಿನ ಐರನ್ ಕೊಡಿ, ಹಿಂದೆ ಕಡು ನೆರಳಿನ ಮರಗಳಿರಲಿ, ಬಿಸಿಲು ಪಕ್ಕದಿಂದ ಬೀಳಲಿ. ಆಗ ಶಾಫ್ಟ್ ತಿರುಗುತ್ತಾ ಬೆಳ್ಳಿಯ ಗರಿಗಳನ್ನು ಬಿಚ್ಚುತ್ತದೆ. ಪಾದ ಮತ್ತು ತಲೆ ಸ್ಪಷ್ಟವಾಗಿ ಉಳಿದರೆ ಚಿತ್ರ ಗೆದ್ದಿತು. ತಲೆಯೂ ಮಸುಕಾಗಿದ್ದರೆ ಅದು ಕೈತಪ್ಪಿ ಬಂದ ಚಿತ್ರ ಎಂದೇ ಕಾಣುತ್ತದೆ. ಇಪ್ಪತ್ತರಲ್ಲಿ ಒಂದು ಬಂದರೆ ಸಂತೋಷಪಡಿ.

ಪ್ರಶ್ನೆ: ಮರಳಿನ ಗುಂಡಿಯಾದ ಬಂಕರ್‌ನಿಂದ ಹೊಡೆಯುವಾಗ ಮರಳು ಚಿಮ್ಮುವ ಚಿತ್ರ ಬೇಕು. ಕ್ಯಾಮೆರಾ ಹಾಳಾಗದಂತೆ ಹೇಗೆ? – ಓದುಗರು, ಬೆಂಗಳೂರು

ಹೊಸಬರಿಗೆ ನಮ್ಮ ಮೊದಲ ಶಿಫಾರಸು ಇದೇ. ಬಂಕರ್ ಹೊಡೆತದಲ್ಲಿ ಕ್ಲಬ್ ಚೆಂಡನ್ನು ನೇರ ಮುಟ್ಟುವುದಿಲ್ಲ, ಚೆಂಡಿಗಿಂತ ಮೂರರಿಂದ ಐದು ಸೆಂಟಿಮೀಟರ್ ಹಿಂದೆ ಮರಳಿಗೆ ಇಳಿಯುತ್ತದೆ. ಮರಳೇ ಚೆಂಡನ್ನು ಎತ್ತಿ ಹಾಕುತ್ತದೆ. ಅದಕ್ಕೇ ಚೆಂಡು ನಿಧಾನವಾಗಿ, ಎತ್ತರಕ್ಕೆ, ಮರಳಿನ ಮೋಡದ ಜೊತೆಜೊತೆಗೇ ಏಳುತ್ತದೆ. ಸೆಕೆಂಡಿಗೆ ಐದಾರು ಚಿತ್ರ ತೆಗೆಯುವ ಹಳೆಯ ಕ್ಯಾಮೆರಾಕ್ಕೂ ಇದು ದಕ್ಕುತ್ತದೆ.

ಬಂಕರ್‌ನ ಹೊರಗೆ, ಪಕ್ಕಕ್ಕೆ, ಎಂಟು ಮೀಟರ್ ದೂರದಲ್ಲಿ ಮಂಡಿಯೂರಿ. ಸೂರ್ಯ ಮರಳಿನ ಆಚೆ ಬದಿಗಿರಲಿ. ಎದುರು ಬೆಳಕಿನಲ್ಲಿ ಒಂದೊಂದು ಕಣವೂ ಕಿಡಿಯಂತೆ ಹೊಳೆಯುತ್ತದೆ, ಬೆನ್ನ ಹಿಂದಿನ ಬೆಳಕಿನಲ್ಲಿ ಅದೇ ಮರಳು ಕೆಸರು ಬಣ್ಣದ ಮುದ್ದೆ. 1/2000. ಗಾಳಿ ನಿಮ್ಮ ಕಡೆ ಬೀಸುತ್ತಿದ್ದರೆ ಬದಿ ಬದಲಿಸಿ. ಅಲ್ಲಿ ಲೆನ್ಸ್ ಬಿಚ್ಚಲೇಬೇಡಿ. ಗಾಜಿನ ಮೇಲೆ ಮರಳು ಕೂತರೆ ಬಟ್ಟೆಯಿಂದ ಒರೆಸಬಾರದು, ಕಣ ಎಳೆದಲ್ಲೆಲ್ಲ ಗೀರು ಬೀಳುತ್ತದೆ. ರಬ್ಬರ್ ಬ್ಲೋವರ್‌ನಿಂದ ಊದಿ, ಲೆನ್ಸ್ ಮುಖ ಕೆಳಗಿರಲಿ. ಮುಗಿದ ಮೇಲೆ ಕುಂಟೆ ಎಳೆದು ಮರಳು ಸಮ ಮಾಡುವ ಕೆಲಸ ಹೊಡೆದವರದು, ಆದರೆ ನಿಮ್ಮ ಹೆಜ್ಜೆ ಗುರುತಿದ್ದರೆ ನೀವೇ ಎಳೆಯಿರಿ.

ಪ್ರಶ್ನೆ: ಜೂನಿಯರ್ ಪಂದ್ಯದಲ್ಲಿ ತೆಗೆಯಬಹುದೇ? – ಓದುಗರು, ಮೈಸೂರು

ಸಂಘಟಕರನ್ನು ಮೊದಲು ಕೇಳಿ, ಬೇಡವೆಂದರೆ ಬೇಡ. ಒಪ್ಪಿದರೂ ಒಂದು ಕಟ್ಟುಪಾಡು: ಕ್ಲಬ್ ಚೆಂಡು ಮುಟ್ಟುವವರೆಗೆ ಕ್ಯಾಮೆರಾ ಸದ್ದು ಮಾಡಕೂಡದು. ಕ್ಲಬ್ ಮೇಲಿದ್ದಾಗ ಬಿದ್ದ ಒಂದು ಕ್ಲಿಕ್ ಸದ್ದಿಗೆ ಹುಡುಗರ ಕೈ ನಡುಗುತ್ತದೆ. ಮೌನ ಶಟರ್ ಎಂದರೆ ಎಲೆಕ್ಟ್ರಾನಿಕ್ ಶಟರ್, ಅದರ ಜೊತೆಗೆ ಮೊದಲ ಪತ್ರದ ಕುಡುಗೋಲೂ ಬರುತ್ತದೆ. ಹಾಗಾಗಿ ಪಂದ್ಯದಲ್ಲಿ ಏಟಿನ ಚಿತ್ರದ ಆಸೆ ಬಿಡಿ. ಆಟಗಾರನ ಕಣ್ಣಿನ ನೇರಕ್ಕೆ ನಿಲ್ಲಬೇಡಿ, ಚೆಂಡನ್ನು ಕುಳಿಗೆ ಉರುಳಿಸುವಾಗ (ಪಟ್) ಕುಳಿಯ ಹಿಂದೆ ನಿಲ್ಲಬೇಡಿ, ನೆರಳು ಕುಳಿಯ ಸುತ್ತಲಿನ ಹುಲ್ಲಿನ (ಗ್ರೀನ್) ಮೇಲೆ ಬೀಳದಿರಲಿ.

ಹೊಡೆದ ಮೇಲೆ ಚೆಂಡು ಗಾಳಿಯಲ್ಲಿರುವ ನಾಲ್ಕೈದು ಸೆಕೆಂಡು ಪೂರ್ತಿ ನಿಮ್ಮದು. ಗಲ್ಲ ಎತ್ತಿ, ಕಣ್ಣು ಕಿರಿದಾಗಿಸಿ, ಟೋಪಿಯ ನೆರಳಿನಿಂದ ಹೊರಬಂದ ಮುಖ. ಹೊಡೆತ ಚೆನ್ನಾಗಿತ್ತೋ ಇಲ್ಲವೋ ಎಲ್ಲ ಅಲ್ಲೇ ಬರೆದಿರುತ್ತದೆ. 200 ಎಂಎಂ, 1/500, ಯಾವ ಕ್ಯಾಮೆರಾದಲ್ಲಾದರೂ ಆಗುತ್ತದೆ.

ಪಂದ್ಯದ ನಡುವೆ ತೆಗೆದ ಸ್ವಿಂಗ್ ವಿಡಿಯೊವನ್ನು ಆಟಗಾರನಿಗೆ ತೋರಿಸಿ ತಿದ್ದಲು ಹೋಗಬೇಡಿ. ಆಟದ ನಿಯಮ ಅದನ್ನು ಒಪ್ಪುವುದಿಲ್ಲ, ದಂಡ ಬೀಳುವುದು ಮಗುವಿಗೆ. ಸಲಹೆ ಕೊಡುವ ಹಕ್ಕು ಬ್ಯಾಗ್ ಹೊರುವ ಕ್ಯಾಡಿಗೆ. ಬೆಂಗಳೂರಿನ ಅದಿತಿ ಅಶೋಕ್‌ಗೆ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ, ಅವರ 18ನೇ ವಯಸ್ಸಿನಲ್ಲಿ, ತಂದೆಯೇ ಕ್ಯಾಡಿ. ಟೋಕಿಯೊದಲ್ಲಿ ನಾಲ್ಕನೆಯವರಾದಾಗ ತಾಯಿ. ನೀವೂ ಮಗಳ ಬ್ಯಾಗ್ ಹೊರುವವರಾದರೆ ಕ್ಯಾಮೆರಾವನ್ನು ಮನೆಯಲ್ಲೇ ಬಿಡಿ, ಎರಡು ಕೈಯಲ್ಲಿ ಎರಡೂ ಆಗದು.

ಪ್ರಶ್ನೆ: 15ರ ಮಗ ಕ್ಯಾಮೆರಾ ಕಂಡರೆ ಮುಖ ತಿರುಗಿಸುತ್ತಾನೆ. – ಓದುಗರು, ತುಮಕೂರು

ತೆಗೆದದ್ದನ್ನು ಮೊದಲು ಅವನಿಗೇ ತೋರಿಸಿ, ಅಳಿಸುವ ಅಧಿಕಾರವನ್ನೂ ಅವನಿಗೇ ಕೊಡಿ. ಅವನ ಒಪ್ಪಿಗೆ ಇಲ್ಲದೆ ಕುಟುಂಬದ ಗ್ರೂಪಿಗೂ ಹಾಕಬೇಡಿ. ಹಿನ್ನೆಲೆಯಲ್ಲಿ ಬೇರೆ ಮಕ್ಕಳಿದ್ದರೆ ಅವರನ್ನು ಕತ್ತರಿಸಿ. ಒಂದು ಬುಟ್ಟಿ ಚೆಂಡುಗಳಲ್ಲಿ ಮೊದಲ ಹತ್ತು ಮೈ ಬಿಸಿಯಾಗಲು, ಕೊನೆಯ ಹತ್ತರಲ್ಲಿ ದಣಿವು; ನಡುವಿನ ಹದಿನೈದಕ್ಕೆ ಮಾತ್ರ ಕ್ಯಾಮೆರಾ ಎತ್ತುತ್ತೇನೆಂದು ಮುಂಚೆಯೇ ಮಾತಾಡಿಕೊಳ್ಳಿ. ಆ ಹದಿನೈದು ಮುಗಿದ ಮೇಲೆ ಹದಿನಾರನೆಯದಕ್ಕೆ ಕ್ಯಾಮೆರಾ ಚೀಲದಲ್ಲಿರಲಿ, ಅವನು ಎಷ್ಟೇ ಚೆನ್ನಾಗಿ ಹೊಡೆದರೂ.